ಪ್ರೀತಿ ಮುಗಿದ ಮೇಲೆ ಯಾವ ಹಾಡು?

ಮನೆಯಲ್ಲಿ ಸಾವಾದರೆ ಹನ್ನೊಂದನೆಯ ದಿನ, ಹದಿಮೂರನೆಯ ದಿನ ಎಂದು ದುಃಖಕ್ಕೆ ಒಂದು ಲೆಕ್ಕವಿದೆ. ನೆಂಟರಿಷ್ಟರು ಬರುತ್ತಾರೆ, ಒಲೆ ಹಚ್ಚದ ಮನೆಗೆ ಪಕ್ಕದ ಮನೆಯಿಂದ ಅನ್ನ-ಸಾರು ಬರುತ್ತದೆ, ಅತ್ತು ಹಗುರಾಗಲಿ ಬಿಡಿ ಎನ್ನುವ ಹಿರಿಯರಿರುತ್ತಾರೆ. ಮದುವೆ ಮುರಿದರೆ ಪಂಚಾಯ್ತಿಯೋ ಕೋರ್ಟೋ ಇದೆ. ಪ್ರೀತಿ ಮುರಿದರೆ ಇದ್ಯಾವುದೂ ಇಲ್ಲ. ಎಷ್ಟೋ ಸಲ ಪ್ರೀತಿ ಇತ್ತೆಂಬುದೇ ಮನೆಯವರಿಗೆ ಗೊತ್ತಿರುವುದಿಲ್ಲ. ಗೊತ್ತಿದ್ದರೂ, ಜಾತಿ ಬೇರೆಯಾಗಿದ್ದರಂತೂ, ಸದ್ಯ ಮುಗಿಯಿತಲ್ಲ ಎಂದು ಒಳಗೊಳಗೇ ನಿಟ್ಟುಸಿರು ಬಿಡುವವರೇ ಹೆಚ್ಚು. ಮರುದಿನ ಬೆಳಗ್ಗೆ ಎದ್ದು ಕಾಲೇಜಿಗೋ ಆಫೀಸಿಗೋ ಹೋಗಲೇಬೇಕು. "ಯಾಕೆ, ತಟ್ಟೆ ಮುಂದೆ ಸುಮ್ನೆ ಕೂತಿದೀಯ?" ಎಂದು ಅಮ್ಮ ಕೇಳಿದರೆ ಹೊಟ್ಟೆ ಸರಿಯಿಲ್ಲ ಎನ್ನಬೇಕು. ಸೂತಕವಿಲ್ಲದ ಈ ಸಾವಿಗೆ ನಮ್ಮಲ್ಲಿ ಉಳಿದಿರುವ ಒಂದೇ ಒಂದು ಕ್ರಿಯೆಯೆಂದರೆ ಹಾಡು ಕೇಳುವುದು. ಬಾಗಿಲು ಹಾಕಿಕೊಂಡು, ಇಲ್ಲವೇ ರಾತ್ರಿ ಬಸ್ಸಿನ ಕಿಟಕಿಗೆ ತಲೆಯಾನಿಸಿ, ಇಯರ್‌ಫೋನ್ ಸಿಕ್ಕಿಸಿಕೊಂಡು, ಯಾರಿಗೂ ತಿಳಿಯದ ಹಾಗೆ.

ಹಾಡಿನಿಂದ ನಿಜಕ್ಕೂ ಸಮಾಧಾನ ಸಿಗುತ್ತದೆಯೇ? ಸಿಕ್ಕರೆ ಅದು ಎಂಥ ಸಮಾಧಾನ? ಮನಶ್ಶಾಸ್ತ್ರದವರು ಕಳೆದ ಇಪ್ಪತ್ತು ವರ್ಷಗಳಿಂದ ಇದನ್ನು ಅಳೆದು ನೋಡುತ್ತಿದ್ದಾರೆ. ನಮ್ಮ ಕಾವ್ಯಶಾಸ್ತ್ರ ಎಷ್ಟೋ ಶತಮಾನಗಳ ಹಿಂದೆಯೇ ಇದರ ಬಗ್ಗೆ ಯೋಚಿಸಿದೆ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದವರು ಕಡಿಮೆ.

ಮೊದಲು ನೋವಿನ ಮಾತು. ಪ್ರೀತಿ ಕಳೆದುಕೊಂಡವರ ಸಂಕಟವನ್ನು ವಯಸ್ಸಿನ ಹುಡುಗಾಟ ಎಂದು ತಳ್ಳಿಹಾಕುವವರು ಎರಡು ಅಧ್ಯಯನಗಳನ್ನು ಗಮನಿಸಬೇಕು. ಅಮೆರಿಕದ ಮಾನವಶಾಸ್ತ್ರಜ್ಞೆ ಹೆಲೆನ್ ಫಿಶರ್ ಮತ್ತು ಸಂಗಡಿಗರು ಪ್ರೀತಿಯಲ್ಲಿ ತಿರಸ್ಕೃತರಾದ 15 ಮಂದಿಯನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಬಿಟ್ಟುಹೋದವರ ಫೋಟೊ ತೋರಿಸಿದರು. 2010ರಲ್ಲಿ ಪ್ರಕಟವಾದ ಆ ಫಲಿತಾಂಶದ ಪ್ರಕಾರ, ಆಸೆ ಮತ್ತು ವ್ಯಸನಕ್ಕೆ ಸಂಬಂಧಪಟ್ಟ ಮಿದುಳಿನ ಭಾಗಗಳು ಆ ಹೊತ್ತಿನಲ್ಲಿ ಚುರುಕಾಗಿದ್ದವು. ಅಂದರೆ ಸಂಬಂಧ ಮುಗಿದಿದ್ದರೂ ಮಿದುಳು ಇನ್ನೂ ಬೇಡುತ್ತಲೇ ಇತ್ತು. ಮರುವರ್ಷ ಈಥನ್ ಕ್ರಾಸ್ ತಂಡ, ಹಿಂದಿನ ಆರು ತಿಂಗಳಲ್ಲಿ ತಮಗಿಷ್ಟವಿಲ್ಲದೆ ಪ್ರೀತಿ ಕಳೆದುಕೊಂಡಿದ್ದ 40 ಮಂದಿಯನ್ನು ಪರೀಕ್ಷಿಸಿತು. ತೋಳಿಗೆ ಬಿಸಿ ಮುಟ್ಟಿಸಿದಾಗ ಎಚ್ಚರಗೊಳ್ಳುವ ಮಿದುಳಿನ ಕೆಲವು ಜಾಗಗಳೇ ಹಳೆಯ ಸಂಗಾತಿಯ ಫೋಟೊ ನೋಡಿದಾಗಲೂ ಎಚ್ಚರಗೊಂಡವು. ಎದೆ ಉರಿಯುತ್ತದೆ, ಕರುಳು ಕಿವುಚುತ್ತದೆ ಎಂದು ನಮ್ಮವರು ಹೇಳಿಕೊಂಡು ಬಂದದ್ದು ಬರೀ ಮಾತಿನ ಅಲಂಕಾರವಾಗಿರಲಿಲ್ಲ.

ಇಂಥ ನೋವಿನಲ್ಲಿರುವವರು ಖುಷಿಯ ಹಾಡು ಹುಡುಕಬೇಕಿತ್ತು. ಹುಡುಕುವುದಿಲ್ಲ. 2013ರಲ್ಲಿ ಚಾನ್ ಜೀನ್ ಲೀ, ಎಡುವಾರ್ಡೊ ಅಂಡ್ರಾಡೆ ಮತ್ತು ಸ್ಟೀಫನ್ ಪಾಮರ್ ಪ್ರಕಟಿಸಿದ ಸಂಶೋಧನೆ ಇಲ್ಲಿ ತುಂಬ ಮುಖ್ಯ. ಜನ ದುಃಖದ ಹಾಡನ್ನು ಬಯಸುವುದು ಎಲ್ಲ ಬಗೆಯ ನಷ್ಟದಲ್ಲೂ ಅಲ್ಲ. ಆಟದಲ್ಲಿ ಸೋತಾಗ ಆ ಬಯಕೆ ಅಷ್ಟಾಗಿ ಇರುವುದಿಲ್ಲ; ಮನುಷ್ಯ ಸಂಬಂಧವೊಂದು ಕಳೆದುಹೋದಾಗ ಹೆಚ್ಚಾಗುತ್ತದೆ. ಕಳೆದುಹೋದ ಒಡನಾಡಿಯ ಜಾಗದಲ್ಲಿ, ತನ್ನ ಮನಸ್ಸನ್ನು ಬಲ್ಲ ಇನ್ನೊಂದು ಜೀವದ ಹಾಗೆ ಹಾಡು ಬಂದು ಕೂರುತ್ತದೆ ಎಂಬುದು ಅವರು ಕೊಟ್ಟ ವಿವರಣೆ. ನನಗೆ ಈ ವಿವರಣೆ ಮನಸ್ಸಿಗೆ ಹತ್ತಿರವಾಗುತ್ತದೆ. ಯಾರೂ ಸಾಂತ್ವನ ಹೇಳಲು ಬಾರದ ದುಃಖ ಇದು. ಹಾಡುವವರ ದನಿ ಮಾತ್ರ ಬರುತ್ತದೆ, ಏನೂ ಕೇಳುವುದಿಲ್ಲ, ಬುದ್ಧಿ ಹೇಳುವುದಿಲ್ಲ, ಬೇರೆ ಹುಡುಗಿ ಸಿಗ್ತಾಳೆ ಬಿಡು ಎನ್ನುವುದಿಲ್ಲ.

ದನಿ ಎಂದದ್ದಕ್ಕೆ ಕಾರಣವಿದೆ. ದುಃಖದಲ್ಲಿರುವವರ ಮಾತು ನಿಧಾನವಾಗುತ್ತದೆ, ತಗ್ಗುತ್ತದೆ, ಏರಿಳಿತ ಕಡಿಮೆಯಾಗುತ್ತದೆ. ಪ್ಯಾಟ್ರಿಕ್ ಯುಸ್ಲಿನ್ ಮತ್ತು ಪೆಟ್ರಿ ಲೌಕ್ಕಾ 2003ರಲ್ಲಿ ಮಾತಿನ ಮೇಲಿನ 104 ಮತ್ತು ಸಂಗೀತದ ಮೇಲಿನ 41 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿ, ಭಾವ ತೋರಿಸಲು ಸಂಗೀತಗಾರರು ಬಳಸುವ ಗುರುತುಗಳೂ ಮಾತಾಡುವ ಕೊರಳಿನ ಗುರುತುಗಳೂ ಬಹುಪಾಲು ಒಂದೇ ಎಂದು ತೋರಿಸಿದರು. ಧಾರವಾಡದ ಬೈಠಕ್‌ಗಳಲ್ಲಿ ಬ್ರಜ ಭಾಷೆಯ ಒಂದಕ್ಷರ ತಿಳಿಯದವರೂ ವಿಲಂಬಿತ್ ಖ್ಯಾಲ್ ಕೇಳಿ ಕಣ್ಣೊರೆಸಿಕೊಳ್ಳುತ್ತಾರೆ. ಸಾಹಿತ್ಯ ಅರ್ಥವಾಗದಿದ್ದರೂ ನೊಂದ ಕೊರಳು ಅರ್ಥವಾಗುತ್ತದೆ.

ಹಾಗಾದರೆ ದುಃಖದ ಹಾಡು ದುಃಖವನ್ನೇ ಹೆಚ್ಚಿಸುವುದಿಲ್ಲವೇ? ಲೀಲಾ ತರೂಫಿ ಮತ್ತು ಸ್ಟೆಫಾನ್ ಕೋಲ್ಶ್ 2014ರಲ್ಲಿ ಬೇರೆ ಬೇರೆ ದೇಶಗಳ 772 ಮಂದಿಯನ್ನು ಕೇಳಿದಾಗ, ಶೋಕಗೀತೆ ಎಬ್ಬಿಸುವ ಭಾವಗಳಲ್ಲಿ ಮೊದಲ ಸ್ಥಾನ ಪಡೆದದ್ದು ಶೋಕವಲ್ಲ, ಹಳೆಯ ದಿನಗಳ ಹಂಬಲ. ಅದರ ಜೊತೆಗೆ ಶಾಂತಿ, ಮಾರ್ದವ, ಬೆರಗು. ಹಾಡಿನೊಳಗಿನ ದುಃಖಕ್ಕೆ ನಮ್ಮ ಬದುಕಿನಲ್ಲಿ ಪರಿಣಾಮವಿಲ್ಲ, ಅದನ್ನು ಭಯವಿಲ್ಲದೆ ಅನುಭವಿಸಬಹುದು ಎಂದು ಹಲವರು ಹೇಳಿದ್ದರು. ದೇಹದ ಮಟ್ಟದಲ್ಲೂ ವಿವರಣೆ ಹುಡುಕಿದವರಿದ್ದಾರೆ. ಅಳುವಾಗ ಸಂತೈಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ದುಃಖದ ಹಾಡಿಗೂ ಸ್ರವಿಸುತ್ತದೆ, ನಿಜವಾದ ನಷ್ಟವಿಲ್ಲದ್ದರಿಂದ ಬರೀ ಸಾಂತ್ವನ ಉಳಿಯುತ್ತದೆ ಎಂದು 2011ರಲ್ಲಿ ಡೇವಿಡ್ ಹ್ಯೂರನ್ ಊಹಿಸಿದರು. ಮಾತು ಚೆನ್ನಾಗಿತ್ತು, ಎಲ್ಲೆಡೆ ಹರಡಿತು. ಮುಂದೆ ಅವರೂ ಸೇರಿ ನಡೆಸಿದ ಪ್ರಯೋಗದಲ್ಲಿ ಅದಕ್ಕೆ ಬೆಂಬಲ ಸಿಗಲಿಲ್ಲ. ಈಗಲೂ ಆರೋಗ್ಯ ಅಂಕಣಗಳಲ್ಲಿ ಅದನ್ನು ಸಾಬೀತಾದ ಸತ್ಯದಂತೆ ಬರೆಯುವುದು ಸರಿಯಲ್ಲ.

ಆದರೆ ಇದು ಎಲ್ಲರಿಗೂ ಒಂದೇ ಸಮನೆ ಅನ್ವಯಿಸುವುದಿಲ್ಲ. ಧಾರವಾಡದ ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದ ಗೆಳೆಯನೊಬ್ಬ ನೆನಪಾಗುತ್ತಾನೆ. ಹುಡುಗಿಗೆ ಬೇರೆ ಕಡೆ ನಿಶ್ಚಯವಾಗಿತ್ತು. ಅವನ ಬಳಿ ಒಂದು ಸಣ್ಣ ಟೇಪ್ ರೆಕಾರ್ಡರ್, ಒಂದೇ ಕ್ಯಾಸೆಟ್. ಆ ಕ್ಯಾಸೆಟ್ಟಿನಲ್ಲಿ ಅವನಿಗೆ ಬೇಕಾದದ್ದು ಒಂದೇ ಹಾಡು. ಹಾಡು ಮುಗಿದೊಡನೆ ಹಿಂದಕ್ಕೆ ಸುತ್ತುವುದು, ಮತ್ತೆ ಹಚ್ಚುವುದು. ರೀಲು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಒಂದೊಂದೇ ಸುತ್ತು ಬಿಗಿಮಾಡಿ ಮತ್ತೆ ಹಾಕುತ್ತಿದ್ದ. ಪಕ್ಕದ ಕೋಣೆಯವರು "ಏ ಮಾರಾಯಾ, ಅದನ್ನ ತಗದು ಬ್ಯಾರೆ ಯಾವ್ದರೆ ಹಚ್ಚೋ" ಎಂದು ಗೋಡೆ ಬಡಿಯುತ್ತಿದ್ದರು. ಒಂದು ರಾತ್ರಿ ನಾನೇ ಕೇಳಿದೆ, ಇದರಿಂದ ಹಗುರ ಅನಿಸ್ತದೇನು ಎಂದು. "ಕೇಳಿದ ಮ್ಯಾಲೆ ಇನ್ನಷ್ಟು ಕೆಟ್ಟ ಅನಸ್ತದ. ಕೇಳಲಿಲ್ಲಂದ್ರ ಅದಕ್ಕಿಂತ ಕೆಟ್ಟ ಅನಸ್ತದ" ಅಂದ.

ಆಸ್ಟ್ರೇಲಿಯಾದ ಸಾಂಡ್ರಾ ಗ್ಯಾರಿಡೊ ಮತ್ತು ಎಮೆರಿ ಶೂಬರ್ಟ್ ವರ್ಷಗಟ್ಟಲೆ ಬೆನ್ನುಹತ್ತಿದ್ದು ಅವನ ಈ ಮಾತಿನಂಥ ಸ್ಥಿತಿಯನ್ನೇ. ಒಂದೇ ಯೋಚನೆಯನ್ನು ಮತ್ತೆ ಮತ್ತೆ ಮೆಲುಕು ಹಾಕುವ ಸ್ವಭಾವದವರಲ್ಲಿ ದುಃಖದ ಹಾಡು ಖಿನ್ನತೆಯನ್ನು ಇಳಿಸುವ ಬದಲು ಏರಿಸಬಹುದು ಎಂಬುದನ್ನು ಅವರ ಪ್ರಯೋಗಗಳು ಸೂಚಿಸಿವೆ. ಇನ್ನೂ ಕಳವಳದ ಮಾತೆಂದರೆ, ಅಂಥವರು ಅದರಿಂದ ತಮಗೆ ಒಳ್ಳೆಯದಾಗುತ್ತಿದೆ ಎಂದೇ ನಂಬಿರುತ್ತಾರೆ. ಕ್ಯಾಸೆಟ್ಟಿನ ಕಾಲದಲ್ಲಿ ಹಿಂದಕ್ಕೆ ಸುತ್ತುವಷ್ಟು ಹೊತ್ತಾದರೂ ಬಿಡುವಿತ್ತು. ಈಗ ಮೊಬೈಲು ಒಂದು ವಿರಹಗೀತೆ ಮುಗಿಯುವ ಮೊದಲೇ ಇನ್ನೊಂದನ್ನು ತಾನಾಗಿಯೇ ಜೋಡಿಸಿಟ್ಟಿರುತ್ತದೆ. ಕೇಳುವವರ ಮನಸ್ಸು ತಿರುಗಿದ್ದು ಅದಕ್ಕೆ ಗೊತ್ತಾಗುವುದಿಲ್ಲ.

ಹಾಗಾದರೆ ಸಂತೈಸುವ ಹಾಡಿಗೂ ಸಿಕ್ಕಿಸಿ ಹಾಕುವ ಹಾಡಿಗೂ ಏನು ವ್ಯತ್ಯಾಸ? ಪ್ರಯೋಗಶಾಲೆಗಳು ಕೇಳುಗರ ಸ್ವಭಾವದಲ್ಲಿ ಉತ್ತರ ಹುಡುಕಿವೆ. ಹಾಡಿನಲ್ಲೇ ಉತ್ತರವಿದೆಯೇ ಎಂದು ಹುಡುಕಿದರೆ ನನಗೆ ಭರತನ ನಾಟ್ಯಶಾಸ್ತ್ರ ಹೆಚ್ಚು ನೆರವಾಗುತ್ತದೆ. ಆರನೆಯ ಅಧ್ಯಾಯದಲ್ಲಿ ಒಂದು ಪ್ರಶ್ನೆ ಬರುತ್ತದೆ: ವಿಪ್ರಲಂಭ ಶೃಂಗಾರದಲ್ಲೂ ಕಣ್ಣೀರು, ನಿದ್ದೆಗೆಡುವುದು, ಚಿಂತೆ ಎಲ್ಲ ಇದೆ, ಕರುಣದಲ್ಲೂ ಇದೆ. ಮತ್ತೆ ಇವೆರಡೂ ಬೇರೆ ಹೇಗೆ? ವಿಪ್ರಲಂಭ ಸಾಪೇಕ್ಷ, ಕರುಣ ನಿರಪೇಕ್ಷ ಎಂಬುದು ಅಲ್ಲಿನ ಉತ್ತರ. ಒಂದರಲ್ಲಿ ಮರಳಿ ಬರುವರೆಂಬ ನಿರೀಕ್ಷೆ ಜೀವಂತವಾಗಿದೆ, ಇನ್ನೊಂದರಲ್ಲಿ ಅದು ತೀರಿಹೋಗಿದೆ. ಹೊರಗಿನ ಲಕ್ಷಣ ಒಂದೇ, ಒಳಗಿನ ಸ್ಥಿತಿ ಬೇರೆ.

ಈ ಮಾತನ್ನು ನಮ್ಮ ಹಾಡುಗಳಿಗೆ ಹಿಡಿದು ನೋಡಿ. ನಮ್ಮ ವಿರಹದ ಸಂಪತ್ತೆಲ್ಲ ಹೆಚ್ಚೂಕಡಿಮೆ ವಿಪ್ರಲಂಭದ್ದು. ಅಕ್ಕಮಹಾದೇವಿ ಗಿಳಿ, ಕೋಗಿಲೆ, ದುಂಬಿಗಳನ್ನು ವಿಚಾರಿಸುತ್ತ ಹೋಗುವುದು ಚೆನ್ನಮಲ್ಲಿಕಾರ್ಜುನ ಎಲ್ಲೋ ಇದ್ದಾನೆ ಎಂಬ ನಂಬಿಕೆಯಿಂದ. ಹದಿನೈದನೆಯ ಶತಮಾನದ ಶ್ರೀಪಾದರಾಜರ ಭ್ರಮರಗೀತೆಯಲ್ಲಿ ಮಥುರೆಗೆ ಹೋದ ಕೃಷ್ಣನನ್ನು ಗೋಪಿಯರು ಹಳಿಯುವುದೂ ಹಂಬಲಿಸುವುದೂ ಒಂದೇ ಉಸಿರಿನಲ್ಲಿ. ದೇವರ ವಿರಹದಲ್ಲಿ ನಿರೀಕ್ಷೆ ಸುಳ್ಳಾಗಬೇಕಿಲ್ಲ. ಭಕ್ತರು ಕಾಯುತ್ತಲೇ ಬದುಕಬಹುದು, ಆ ಕಾಯುವಿಕೆಯೇ ಅವರ ಸಾಧನೆ. ಮನುಷ್ಯರ ಪ್ರೀತಿಗೆ ಈ ಸೌಕರ್ಯವಿಲ್ಲ. ಬಿಟ್ಟುಹೋದವರಿಗೆ ಮದುವೆಯಾಗಿರುತ್ತದೆ, ಫೋನ್ ನಂಬರ್ ಬದಲಾಗಿರುತ್ತದೆ. ಅಂಥ ಹೊತ್ತಿನಲ್ಲಿ ಬಂದೇ ಬರುವೆ ಎಂಬ ಧಾಟಿಯ ಹಾಡು ಕಿವಿಯಲ್ಲಿ ತಿರುಗುತ್ತಿದ್ದರೆ ಮನಸ್ಸು ಬಾಗಿಲ ಕಡೆಯೇ ನೋಡುತ್ತಿರುತ್ತದೆ. ಫಿಶರ್ ಅವರ ಯಂತ್ರದಲ್ಲಿ ಕಂಡ, ಇನ್ನೂ ಬೇಡುತ್ತಿದ್ದ ಮಿದುಳಿಗೆ ಅದು ಮೇವು ಹಾಕುತ್ತದೆ. ಮುಗಿದದ್ದನ್ನು ಮುಗಿದದ್ದೆಂದು ಒಪ್ಪಿ ಅಳಿಸುವ ಹಾಡು ಮೊದಲಿಗೆ ಹೆಚ್ಚು ಚುಚ್ಚುತ್ತದೆ, ಆದರೆ ಅದರಲ್ಲಿ ಶೋಕಕ್ಕೆ ಒಂದು ಕೊನೆಯಿದೆ. ನನ್ನ ಹಾಸ್ಟೆಲಿನ ಗೆಳೆಯ ತಿರುಗಿಸುತ್ತಿದ್ದದ್ದು ಮೊದಲ ಬಗೆಯ ಹಾಡು ಎಂದು ಈಗ ಅನಿಸುತ್ತದೆ.

ಕನ್ನಡದ ಭಾವಗೀತೆಗೆ ಬಂದರೆ ಚಿತ್ರ ಇನ್ನೂ ಬೇರೆ. 1942ರಲ್ಲಿ ಬಂದ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' ದಾಂಪತ್ಯದ ಒಲವಿನ ಕಾವ್ಯ. 1978ರಲ್ಲಿ ನಿಸಾರ್ ಅಹಮದರ ಗೀತೆಗಳ 'ನಿತ್ಯೋತ್ಸವ' ಕ್ಯಾಸೆಟ್ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಹೊರಬಂದ ಮೇಲೆ ಸುಗಮ ಸಂಗೀತ ಮನೆಮನೆಯ ಮಾತಾಯಿತು. ಆಮೇಲೆ ಸಿ. ಅಶ್ವಥ್ ಬಂದರು, ಕವಿತೆಗೆ ಗಂಟಲಿನ ಪೂರ್ತಿ ಬಲ ಕೊಟ್ಟರು. ಈ ಕ್ಯಾಸೆಟ್ಟುಗಳು ನಮ್ಮ ತಲೆಮಾರಿಗೆ ಮಾಡಿದ ಉಪಕಾರ ದೊಡ್ಡದು: ತಮ್ಮ ಸಂಕಟಕ್ಕೆ ಮಾತು ಸಿಗದೆ ತೊಳಲುತ್ತಿದ್ದ ಹುಡುಗ ಹುಡುಗಿಯರಿಗೆ ಒಳ್ಳೆಯ ಕವಿಗಳ ಮಾತು ಬಾಯಿಗೆ ಬಂತು. ಏನಾಗಿದೆ ಎಂದು ಹೇಳಲು ಬಂದರೆ ಅರ್ಧ ನೋವು ಹಿಡಿತಕ್ಕೆ ಸಿಕ್ಕಿದ ಹಾಗೆ. ಸುವಿ ಸಾರಿಕಾಲ್ಲಿಯೊ ಮತ್ತು ಯಾಕ್ಕೊ ಎರ್ಕಿಲಾ 2007ರಲ್ಲಿ ಫಿನ್‌ಲೆಂಡಿನ ಹದಿಹರೆಯದವರ ಜೊತೆ ಮಾತಾಡಿ, ಅವರು ಸಂಗೀತವನ್ನು ಬಳಸುವ ಏಳು ಬಗೆಗಳನ್ನು ಗುರುತಿಸಿದ್ದಾರೆ. ಸಾಂತ್ವನ ಅದರಲ್ಲಿ ಒಂದು, ಮನಸ್ಸಿನೊಳಗಿನ ಕೆಲಸ ಇನ್ನೊಂದು, ಅಂದರೆ ಹಾಡಿನ ನೆರವಿನಿಂದ ಆದದ್ದನ್ನು ಯೋಚಿಸಿ ಅರ್ಥಮಾಡಿಕೊಳ್ಳುವುದು. ಭಾವಗೀತೆ ಈ ಎರಡನೆಯದಕ್ಕೆ ಹೇಳಿ ಮಾಡಿಸಿದ ಪ್ರಕಾರ.

ಸಿನಿಮಾದ ಪಾಲು ಇದಕ್ಕಿಂತ ದೊಡ್ಡದು. 2006ರ ಕೊನೆಯಲ್ಲಿ ಬಂದ 'ಮುಂಗಾರು ಮಳೆ'ಯಲ್ಲಿ ನಾಯಕ ಪ್ರೀತಿಸಿದವಳನ್ನು ಬಿಟ್ಟುಕೊಟ್ಟು ಹಿಂದಿರುಗುತ್ತಾನೆ. ಮನೋಮೂರ್ತಿ ಸಂಗೀತ, ಜಯಂತ ಕಾಯ್ಕಿಣಿ, ಯೋಗರಾಜ ಭಟ್ಟರ ಸಾಹಿತ್ಯ. ವರ್ಷ ಮೀರಿ ಓಡಿದ ಆ ಚಿತ್ರದ ಹಾಡುಗಳು ಒಂದು ಇಡೀ ಪೀಳಿಗೆಯ ಹುಡುಗರ ಏಕಾಂತಕ್ಕೆ ಜೊತೆಯಾದವು. ಸೋತವನಿಗೂ ಘನತೆಯಿದೆ ಎಂದು ಆ ಸಿನಿಮಾ ಹೇಳಿತು, ಹಾಡುಗಳು ಅದನ್ನು ಕಿವಿಗೆ ತಲುಪಿಸಿದವು. ಆದರೆ ಬಿಟ್ಟುಕೊಟ್ಟ ಪ್ರೀತಿಯೇ ದೊಡ್ಡ ಪ್ರೀತಿ, ಜೀವಮಾನವಿಡೀ ಅದನ್ನೇ ಹೊತ್ತು ತಿರುಗುವುದೇ ನಿಷ್ಠೆ ಎಂಬ ಭಾವನೆಯನ್ನೂ ಇಂಥ ಹಾಡುಗಳು ಬಿತ್ತುತ್ತವೆ. ಅದರಲ್ಲಿ ಹುಡುಗಿಯ ಮನಸ್ಸಿಗೆ ಜಾಗ ಕಡಿಮೆ. ಅವಳು ಬೇಡವೆಂದರೆ ಬೇಡವೇ ಎಂದು ಒಪ್ಪಿಕೊಂಡು ನೋಯುವ ಹುಡುಗ ನಮ್ಮ ತೆರೆಯ ಮೇಲೆ ಅಪರೂಪ. ಬೇಡವೆಂದವಳನ್ನು ಹಳಿಯುವ ಹಾಡುಗಳೂ ಬಂದಿವೆ. ಅವುಗಳಿಂದ ಯಾರ ಗಾಯವೂ ಮಾಯುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನು ಇಬ್ಬರೂ ಸೇರಿ ಕೇಳಿದ್ದ ಹಾಡಿನ ಸಂಕಟ. ಅದು ದುಃಖದ ಹಾಡೇ ಆಗಬೇಕಿಲ್ಲ, ಗಣೇಶೋತ್ಸವದ ಪೆಂಡಾಲಿನಲ್ಲಿ ಹಾಕಿದ ಟಪಾಂಗುಚ್ಚಿ ಹಾಡೂ ಆಗಬಹುದು. ಪೀಟರ್ ಜನಾಟ 2009ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ನಡೆಸಿದ ಅಧ್ಯಯನದಲ್ಲಿ, ಹಣೆಯ ಹಿಂದಿನ ಮಿದುಳಿನ ಒಳಭಾಗವೊಂದು ಕೇಳುತ್ತಿರುವ ರಾಗದ ಚಲನೆಯನ್ನೂ ಸ್ವಂತ ಬದುಕಿನ ನೆನಪನ್ನೂ ಒಟ್ಟಿಗೆ ಹೆಣೆಯುತ್ತದೆ ಎಂದು ಕಂಡುಬಂತು. ಅದಕ್ಕೇ ಎಲ್ಲೋ ಹೋಟೆಲಿನಲ್ಲಿ ಪಲ್ಲವಿ ಕಿವಿಗೆ ಬಿದ್ದರೆ ಸಾಕು, ಯಾವ ಮಳೆ, ಯಾವ ಬಸ್‌ಸ್ಟಾಪ್, ಯಾವ ಬಣ್ಣದ ಚೂಡಿದಾರ್ ಎಲ್ಲ ಬಂದು ನಿಲ್ಲುತ್ತದೆ. ಇಂಥ ಹಾಡುಗಳನ್ನು ಕೆಲವು ಕಾಲ ಮೊಬೈಲಿನಿಂದ ತೆಗೆದಿಡುವುದರಲ್ಲಿ ಹೇಡಿತನವೇನೂ ಇಲ್ಲ. ಎಂದೂ ಕೇಳದ ಹೊಸ ಸಂಗೀತ, ಯಾರ ನೆನಪೂ ಅಂಟದ ಸಂಗೀತ, ಈ ಹೊತ್ತಿಗೆ ಒಳ್ಳೆಯದು. ಸಿನಿಮಾ ಹಾಡು ಮಾತ್ರ ಕೇಳಿದವರು ಒಂದು ಸಲ ಮಲ್ಲಿಕಾರ್ಜುನ ಮನ್ಸೂರರ ವಚನಗಾಯನಕ್ಕೋ ಗಂಗೂಬಾಯಿ ಹಾನಗಲ್ ಅವರ ಆ ಗಂಭೀರ ಕೊರಳಿಗೋ ಕಿವಿಗೊಡಬಹುದು.

ಈ ರಾಗಕ್ಕೆ ಈ ಕಾಯಿಲೆ ವಾಸಿ ಎಂದು ಪಟ್ಟಿ ಕೊಡುವವರ ಬಗ್ಗೆ ಒಂದು ಮಾತು. ಶಿವರಂಜನಿ, ಮುಖಾರಿ, ಶುಭಪಂತುವರಾಳಿ ಶೋಕದ ರಾಗಗಳೆಂಬುದು ನಮ್ಮ ಸಂಪ್ರದಾಯದ ಅನುಭವ, ಅದಕ್ಕೆ ಬೆಲೆಯಿದೆ. ಆದರೆ ರಾಗವೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದ ನಂದಿನಿ ಚಟರ್ಜಿ ಸಿಂಗ್ ಮತ್ತು ಸಂಗಡಿಗರು 2015ರಲ್ಲಿ ಹನ್ನೆರಡು ಹಿಂದೂಸ್ತಾನಿ ರಾಗಗಳನ್ನು ಆಲಾಪದಲ್ಲೂ ತಾಳಸಹಿತವಾದ ಗತ್‌ನಲ್ಲೂ ಕೇಳಿಸಿ ನೋಡಿದರು. ಅದೇ ರಾಗ ಗತ್‌ಗೆ ಬಂದಾಗ ಕೇಳುಗರ ಭಾವ ಬದಲಾಗುತ್ತಿತ್ತು. ಲಯ ಬೇರೆಯಾದರೆ ಮನಸ್ಸೂ ಬೇರೆ. ಔಷಧಿಯ ಚೀಟಿಯಂತೆ ರಾಗ ಬರೆದುಕೊಡಲು ಆಗುವುದಿಲ್ಲ.

ಕೇಳುವುದಕ್ಕಿಂತ ಹಾಡುವುದು ಮೇಲು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಹಲಸಂಗಿ ಗೆಳೆಯರು 1931ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಸಂಕಲನದ ತ್ರಿಪದಿಗಳನ್ನು ಹೆಣ್ಣುಮಕ್ಕಳು ಹೇಗೆ ಹಾಡುತ್ತಿದ್ದರೆಂದು ನೆನೆಯಿರಿ. ಬೆಳಗಿನ ಜಾವ, ಬೀಸುಕಲ್ಲಿನ ಎದುರುಬದುರು ಇಬ್ಬರು, ಒಂದೇ ಗೂಟಕ್ಕೆ ನಾಲ್ಕು ಕೈ. ಒಬ್ಬಳು ಒಂದು ಸಾಲು ಎತ್ತಿಕೊಂಡರೆ ಇನ್ನೊಬ್ಬಳು ಮುಂದುವರಿಸುತ್ತಾಳೆ. ಕಲ್ಲಿನ ಸುತ್ತು ಲಯ ಹಿಡಿಯುತ್ತದೆ, ತೋಳು ದಣಿಯುತ್ತದೆ, ಉಸಿರು ಉದ್ದವಾಗುತ್ತದೆ. ತವರು, ಗಂಡ, ಸವತಿ, ಯಾರೆದುರೂ ಹೇಳಲಾಗದ್ದೆಲ್ಲ ಪದದ ಮರೆಯಲ್ಲಿ ಹೊರಬರುತ್ತದೆ. ಅದು ತನ್ನ ಕಥೆಯೇ ಎಂದು ಹಾಡಿದವಳು ಒಪ್ಪಬೇಕಿಲ್ಲ, ಕೇಳಿದವಳು ಕೆದಕಬೇಕಿಲ್ಲ. ಆಕ್ಸ್‌ಫರ್ಡಿನ ರಾಬಿನ್ ಡನ್ಬಾರ್ ಮತ್ತು ಸಂಗಡಿಗರು 2015ರಲ್ಲಿ, ಹಾಡು ಕಲಿಯುವ ಗುಂಪಿನ ಅಪರಿಚಿತರು ಕರಕುಶಲ ಇಲ್ಲವೇ ಬರವಣಿಗೆ ಕಲಿಯುವ ಗುಂಪಿನವರಿಗಿಂತ ಬೇಗ ಒಬ್ಬರಿಗೊಬ್ಬರು ಹತ್ತಿರವಾಗುತ್ತಾರೆ ಎಂದು ತೋರಿಸಿದರು. ಬೀಸುಕಲ್ಲು ಹೋಯಿತು. ಭಜನಾ ಮಂಡಳಿ, ಸುಗಮ ಸಂಗೀತದ ಸಂಜೆಯ ತರಗತಿ ಇನ್ನೂ ಇವೆ. ಕೋಣೆಯೊಳಗೆ ಒಂಟಿಯಾಗಿ ಕೇಳುವ ಹಾಡಿಗೆ ಇಲ್ಲದ ಶಕ್ತಿ ಹತ್ತು ಜನರ ನಡುವೆ ತಪ್ಪು ತಪ್ಪಾಗಿ ಹಾಡುವ ಹಾಡಿಗೆ ಇದೆ.

ಹಾಡಿಗೆ ಮಿತಿಯೂ ಇದೆ. ಖಿನ್ನತೆಗೆ ಸಂಗೀತ ಚಿಕಿತ್ಸೆಯ ಬಗ್ಗೆ 2017ರ ಕಾಕ್ರೇನ್ ಸಮೀಕ್ಷೆ 421 ಮಂದಿ ಭಾಗವಹಿಸಿದ ಒಂಬತ್ತು ಅಧ್ಯಯನಗಳನ್ನು ಪರಿಶೀಲಿಸಿತ್ತು. ಮಾಮೂಲು ಚಿಕಿತ್ಸೆಯ ಜೊತೆಗೆ ಸಂಗೀತ ಚಿಕಿತ್ಸೆ ಸೇರಿಸಿದಾಗ, ಸ್ವಲ್ಪ ಕಾಲದ ಮಟ್ಟಿಗಾದರೂ, ಬರೀ ಮಾಮೂಲು ಚಿಕಿತ್ಸೆಗಿಂತ ಹೆಚ್ಚು ಗುಣ ಕಂಡಿತು. ಜೊತೆಗೆ ಎಂಬುದನ್ನು ಮರೆಯಬಾರದು. ಅದು ತರಬೇತಾದವರು ನಡೆಸುವ ಚಿಕಿತ್ಸೆ ಎಂಬುದನ್ನೂ. ವಾರಗಟ್ಟಲೆ ನಿದ್ದೆ, ಊಟ ಬಿಟ್ಟವರಿಗೆ, ಬದುಕೇ ಬೇಡವೆನಿಸಿದವರಿಗೆ ಹಾಡು ಸಾಲದು. 2022ರಿಂದ ನಡೆಯುತ್ತಿರುವ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ 14416ಕ್ಕೆ ಕರೆಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಕಡೆಯದಾಗಿ ಒಂದು ಕೊರತೆ ನನ್ನನ್ನು ಕಾಡುತ್ತದೆ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1967ರಲ್ಲಿ ತೆರೆಗೆ ತಂದ 'ಬೆಳ್ಳಿಮೋಡ'ದಲ್ಲಿ, ಇಂದಿರೆಗೆ ತಮ್ಮ ಹುಟ್ಟಿ ಎಸ್ಟೇಟಿನ ಆಸ್ತಿ ಕೈತಪ್ಪುತ್ತದೆಂದು ಗೊತ್ತಾದೊಡನೆ ಮೋಹನ ನಿಶ್ಚಯವಾಗಿದ್ದ ಮದುವೆಯಿಂದ ಹಿಂದೆ ಸರಿಯುತ್ತಾನೆ. ಮುಂದೆ ಮನಸ್ಸು ಬದಲಾಯಿಸಿ ಬಂದಾಗ ಅವಳೇ ಅವನನ್ನು ನಿರಾಕರಿಸುತ್ತಾಳೆ. ಕಲ್ಪನಾ ಆ ಪಾತ್ರವನ್ನು ಕಟ್ಟಿಕೊಟ್ಟ ಬಗೆ ಇಂದಿಗೂ ಹಳತಾಗಿಲ್ಲ. ಆ ಹೆಣ್ಣಿನ ಸ್ಥಿತಿಗೆ, ಬೇಡವೆಂದು ಹೇಳಿದ ಮೇಲೂ ಒಳಗೆ ನೋಯುತ್ತಿರುವ ಸ್ಥಿತಿಗೆ, ಎಷ್ಟು ಹಾಡುಗಳಿವೆ ನಮ್ಮಲ್ಲಿ? ಪ್ರೀತಿಯನ್ನು ಕೊನೆಗೊಳಿಸಿದವರೂ ಅಳುತ್ತಾರೆ. ನಾಟ್ಯಶಾಸ್ತ್ರದ ಅಷ್ಟನಾಯಿಕೆಯರಲ್ಲಿ ಕಲಹಾಂತರಿತೆ ಎಂಬವಳಿದ್ದಾಳೆ, ಜಗಳವಾಡಿ ತಾನೇ ನಲ್ಲನನ್ನು ಕಳಿಸಿ ಆಮೇಲೆ ಬೇಯುವವಳು. ಅವಳಿಗಾಗಿ ಪದಗಳು, ಜಾವಳಿಗಳು ಹುಟ್ಟಿದವು, ನೃತ್ಯಗಾರ್ತಿಯರು ಇಂದಿಗೂ ಅವುಗಳಿಗೆ ಅಭಿನಯಿಸುತ್ತಾರೆ. ಅವಳೂ ಕೊನೆಗೆ ಮರಳಿ ಕರೆಯುವವಳೇ. ಕಳಿಸಿದ್ದು ಸರಿಯೆಂದು ತಿಳಿದೂ ನೋಯುವ, ಮತ್ತೆ ಕರೆಯದ ಹೆಣ್ಣಿಗೆ, ಗಂಡಿಗೆ ಕನ್ನಡದಲ್ಲಿ ಹಾಡು ಬೇಕು. ಈಗ ಬರೆಯುತ್ತಿರುವ ಕವಿಗಳಲ್ಲಿ, ಅದರಲ್ಲೂ ಕವಯಿತ್ರಿಯರಲ್ಲಿ, ಆ ಶಕ್ತಿಯಿದೆ. ರಾಗ ಹಾಕುವವರು ಅವರ ಸಂಕಲನಗಳನ್ನು ತೆರೆದು ನೋಡಬೇಕು.